ಅದು ಅಳು ಅಲ್ಲ, ಔಷಧಿಯ ಕೆಲಸ!

ಅಂಗಡಿ ಬೋರ್ಡು ಕನ್ನಡದಲ್ಲಿಲ್ಲವೆಂದು ಬೀದಿಗಿಳಿಯುವ ನೀವು ಆಸ್ಪತ್ರೆಯೊಳಗೆ ಕೈಕಟ್ಟಿ ನಿಲ್ಲುವುದೇಕೆ? ಬಾಗಿಲ ಮೇಲಿನ ಬೋರ್ಡು ಕನ್ನಡವಾದರೆ ಸಾಕೆ? ಒಳಗೆ ಮಲಗಿರುವ ನಿಮ್ಮ ತಾಯಿಗೆ ತಿಳಿಯಬೇಕಾದದ್ದು ಯಾವ ಭಾಷೆಯಲ್ಲಿದೆ?

ಒಂದು ಉದಾಹರಣೆ ನೋಡಿ. ಸ್ತನ ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿಗಳಲ್ಲಿ ಡೋಸೆಟಾಕ್ಸೆಲ್ ಒಂದು. ಕೀಮೋ ಎಂದರೆ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಆದರೆ ಈ ಔಷಧಿ ಕಣ್ಣೀರಿನಲ್ಲೂ ಸೇರುತ್ತದೆ. ಕಣ್ಣೀರು ಮೂಗಿಗೆ ಇಳಿದುಹೋಗುವ ಸಣ್ಣ ನಾಳಗಳು ಇದರಿಂದ ಊದಿ ಕಿರಿದಾಗಬಹುದು. ಮೂರು ವಾರಕ್ಕೊಮ್ಮೆ ಪಡೆಯುವವರಿಗಿಂತ ವಾರವಾರ ಪಡೆಯುವವರಿಗೆ ಈ ಕಾಟ ಹೆಚ್ಚು. ಕಣ್ಣು ಸದಾ ಸುರಿಯುತ್ತದೆ. ತಾಯಿ ಸೆರಗಿನಲ್ಲಿ ಒರೆಸಿಕೊಳ್ಳುತ್ತಾಳೆ. 'ಅಳಬೇಡಮ್ಮ, ಎಲ್ಲಾ ಸರಿಹೋಗುತ್ತೆ' ಎಂದು ಮಗ ಸಮಾಧಾನ ಹೇಳುತ್ತಾನೆ. ಇಬ್ಬರಿಗೂ ನಿಜ ಗೊತ್ತಿಲ್ಲ!

ಬೇಗ ಹೇಳಿಕೊಂಡರೆ ಕಣ್ಣಿನ ವೈದ್ಯರು ಹನಿ ಔಷಧಿ ಕೊಡಬಲ್ಲರು. ಬೇಕಾದರೆ ನಾಳ ಮುಚ್ಚುವ ಮೊದಲೇ ಸಣ್ಣ ಸಿಲಿಕಾನ್ ಕೊಳವೆ ಇಟ್ಟು ದಾರಿ ಉಳಿಸಬಲ್ಲರು. ಪೂರ್ತಿ ಮುಚ್ಚಿದ ಮೇಲೆ ದೊಡ್ಡ ಆಪರೇಷನ್ನೇ ಗತಿ. ರಕ್ತದ ಕ್ಯಾನ್ಸರಿಗೆ ಸೈಟರಬಿನ್ ಹೆಚ್ಚಿನ ಪ್ರಮಾಣದಲ್ಲಿ ಕೊಡುವಾಗ ಕಣ್ಣು ಕೆಂಪಾಗಿ ಉರಿಯದಿರಲೆಂದು ಸ್ಟೆರಾಯ್ಡ್ ಹನಿ ಹಾಕುತ್ತಾರೆ. ಹನಿ ಯಾಕೆಂದು ತಿಳಿಯದವರು ನಡುವೆ ಬಿಟ್ಟುಬಿಟ್ಟರೆ?

ಔಷಧಿ ಡಬ್ಬಿಯೊಳಗಿನ ಚೀಟಿಯಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ! ಹೇಳಿಲ್ಲವೆಂದು ಯಾರೂ ದೂರುವಂತಿಲ್ಲ, ಓದಿ ತಿಳಿಯುವಂತೆಯೂ ಇಲ್ಲ.

ವೈದ್ಯ ವಿಷಯ ಕನ್ನಡಕ್ಕೆ ಬಗ್ಗದು ಎನ್ನುವ ಮಹಾಶಯರಿಗೆ ಡಾ. ಅನುಪಮಾ ನಿರಂಜನರ ಹೆಸರು ಹೇಳಿ. 'ತಾಯಿ-ಮಗು', 'ಕೇಳು ಕಿಶೋರಿ' ಬರೆದು ಮನೆಮನೆಗೆ ವೈದ್ಯ ತಲುಪಿಸಿದ ಆ ವೈದ್ಯೆ 1991ರಲ್ಲಿ ಕ್ಯಾನ್ಸರಿಗೇ ಬಲಿಯಾದರು. ಅವರು ಹಾಕಿಕೊಟ್ಟ ದಾರಿಯಲ್ಲಿ ನಾವೆಷ್ಟು ದೂರ ನಡೆದಿದ್ದೇವೆ?

ಇದು ಭಿಕ್ಷೆಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ಗೊತ್ತಿರುವ ಭಾಷೆಯಲ್ಲೇ ವಿವರಿಸಬೇಕು ಎನ್ನುತ್ತದೆ.

ಕೀಮೋ ಬಿಡಿ ಎನ್ನುತ್ತಿಲ್ಲ. ಜೀವ ಉಳಿಸುವ ಔಷಧಿ ಅದು. ಮುಂದಿನ ಸಲ ಮನೆಯವರ ಜೊತೆ ಆಸ್ಪತ್ರೆಗೆ ಹೋದಾಗ ಮೂರು ಮಾತು ಕೇಳಿ: ಈ ಔಷಧಿಯ ಹೆಸರೇನು? ಕಣ್ಣಿಗೆ ಏನಾದೀತು? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆದುಕೊಡುವ ತನಕ ಕುರ್ಚಿ ಬಿಟ್ಟು ಏಳಬೇಡಿ!