ಆ ಗಂಟೆ ಯಾರಿಗೆ ಹೊಡೀತಿತ್ತು?



ದಕ್ಷಿಣ ಆಫ್ರಿಕಾಕ್ಕೆ ಟೂರ್ ಹೋಗಿರುವ ಪರಿಚಯದವರೊಬ್ಬರು ಕೇಪ್‌ಟೌನ್ ಹತ್ತಿರದ ದ್ರಾಕ್ಷಿ ತೋಟದ ಫೋಟೋ ಹಾಕಿದ್ದಾರೆ. ಸುಣ್ಣ ಬಳಿದ ಬಂಗಲೆ, ಹಿಂದೆ ಬೆಟ್ಟ, ಕೈಯಲ್ಲಿ ಗ್ಲಾಸು. "ಮುನ್ನೂರು ವರ್ಷದ ಪರಂಪರೆ" ಅಂತ ಬರೆದಿದ್ದಾರೆ. ಮೂಲೆಯಲ್ಲಿ ಎರಡು ಕಂಬದ ನಡುವೆ ಒಂದು ಗಂಟೆ ಕಾಣ್ತಿದೆ. ಅಲ್ಲಿನ ಹಳೇ ತೋಟಗಳಲ್ಲಿ ಅಂಥ ಗಂಟೆಗಳಿವೆ. ಗುಲಾಮರನ್ನ ಕೆಲಸಕ್ಕೆ ಕರೆಯೋಕೆ ಹೊಡೀತಿದ್ದವು.

ಪರಂಪರೆಯ ಲೆಕ್ಕವೇನೋ ಸರಿ. ಡಚ್ ಈಸ್ಟ್ ಇಂಡಿಯಾ ಕಂಪನಿಯವರು 1652ರಲ್ಲಿ ಬಂದು ಖೊಯ್‌ಖೊಯ್ ದನಗಾಹಿಗಳ ನೆಲದಲ್ಲಿ ಬೇರೂರಿದರು. 1659ರಲ್ಲಿ ಮೊದಲ ವೈನ್ ಹಿಂಡಿದರು. 1679ರಲ್ಲಿ ಸೈಮನ್ ವಾನ್ ಡರ್ ಸ್ಟೆಲ್ ತನ್ನದೇ ಹೆಸರಲ್ಲಿ ಸ್ಟೆಲೆನ್‌ಬಾಷ್ ಊರು ಕಟ್ಟಿದ. ಕಾನ್‌ಸ್ಟಾನ್ಷಿಯಾದ ಸಿಹಿ ವೈನ್ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಹೋಗ್ತಿತ್ತು. ಇಷ್ಟನ್ನ ಯಾವ ಗೈಡ್ ಬೇಕಾದ್ರೂ ಹೇಳ್ತಾನೆ.

ಬಳ್ಳಿ ನೆಟ್ಟವರು, ಹಣ್ಣು ಕೊಯ್ದವರು ಯಾರು? 1658ರಿಂದ ಹಡಗುಗಟ್ಟಲೆ ಗುಲಾಮರನ್ನ ತಂದರು. ಆಫ್ರಿಕಾ, ಮಡಗಾಸ್ಕರ್, ಇಂಡೋನೇಷ್ಯಾದಿಂದ, ಮತ್ತೆ ನಮ್ಮ ಬಂಗಾಳ, ಕೋರಮಂಡಲ, ಮಲಬಾರಿನಿಂದ. ಅಪ್ಪ ಅಮ್ಮ ಇಟ್ಟ ಹೆಸರು ಕಿತ್ತುಕೊಂಡು "ಬಂಗಾಳದ ಇಂಥವಳು", "ಮಲಬಾರಿನ ಇಂಥವನು" ಅಂತ ಬರೆದುಕೊಂಡರು. ಕೆಲವರಿಗೆ ತಿಂಗಳ ಹೆಸರೇ ಗತಿ. ಸೆಪ್ಟೆಂಬರ್, ಫೆಬ್ರವರಿ ಅನ್ನೋ ಮನೆತನಗಳು ಇವತ್ತಿಗೂ ಅಲ್ಲಿವೆ.

1663ರಲ್ಲಿ ಕೊಚ್ಚಿ ಡಚ್ಚರ ಕೈ ಸೇರಿತು. ಅಲ್ಲಿಂದ ಹಡಗು ಹತ್ತಿದ ಗುಲಾಮರ ಮಾರಾಟ ಪತ್ರಗಳಲ್ಲಿ ಜಾತಿಯನ್ನೂ ನಮೂದಿಸಿದ್ದಾರೆ. ಅದರಲ್ಲಿ ಪುಲಯರಿದ್ದಾರೆ. ಓದಿ ಕೈ ನಡುಗಿತು ನಂಗೆ. ಮಲಬಾರಿನ ಜಮೀನ್ದಾರರು ಪುಲಯರನ್ನ ಗದ್ದೆ ಜೊತೆಗೂ ಮಾರ್ತಿದ್ರು, ಗದ್ದೆ ಬಿಟ್ಟೂ ಮಾರ್ತಿದ್ರು. ಮನುಷ್ಯರನ್ನ ಸರಕು ಮಾಡೋ ಕೆಲಸ ಜಾತಿ ಮೊದಲೇ ಮುಗಿಸಿಟ್ಟಿತ್ತು. ಡಚ್ಚರು ಹಡಗು ತಂದರು, ಅಷ್ಟೇ.

1834ರಲ್ಲಿ ಗುಲಾಮಗಿರಿ ರದ್ದಾಯ್ತು ಅಂದ್ರು. "ತರಬೇತಿ" ಅಂತ ಇನ್ನೂ ನಾಲ್ಕು ವರ್ಷ ಅದೇ ಮಾಲೀಕರ ಹತ್ತಿರ ದುಡಿಸಿದರು. ಬಿಡುಗಡೆಯಾದವರಿಗೆ ತುಂಡು ಭೂಮಿಯೂ ಇಲ್ಲ, ತಿರುಗಿ ಅದೇ ತೋಟ. ಕೂಲಿಯ ಒಂದು ಭಾಗ ಹಣ ಅಲ್ಲ, ವೈನ್! ಅದಕ್ಕೆ "ಡಾಪ್" ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಹಲವು ಸಲ ಅಳೆದು ಕೊಡೋರು, ಅದೂ ಕಳಪೆ ಮಾಲು. 1960ರ ದಶಕದಲ್ಲಿ ಕಾನೂನು ನಿಷೇಧಿಸಿದರೂ 1990ರ ದಶಕದವರೆಗೂ ಕೆಲವು ತೋಟಗಳಲ್ಲಿ ನಡೀತು. ಗರ್ಭದಲ್ಲೇ ಮದ್ಯದಿಂದ ಊನವಾಗಿ ಹುಟ್ಟೋ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾಗಿರೋ ಜಾಗಗಳಲ್ಲಿ ಈ ವೈನ್ ಸೀಮೆಯೂ ಒಂದು.

ಆಮೇಲೆ ಏನಂತಾರೆ? "ಆ ಜನ ಕುಡುಕರು, ಉದ್ಧಾರ ಆಗಲ್ಲ." ಈ ಮಾತನ್ನ ನಮ್ಮ ಕೇರಿ ಬಗ್ಗೆ ಕೇಳದವರು ಯಾರಿದ್ದೀರಿ ಹೇಳಿ? ಕುಡಿಸಿದವನ ಮನೆ ಪರಂಪರೆಯ ಬಂಗಲೆ. ಕುಡಿದವನ ಮೇಲೆ ಮಾತ್ರ ಕಳಂಕ.

2012ರ ನವೆಂಬರ್‌ನಲ್ಲಿ ಅದೇ ಸೀಮೆಯ ಡಿ ಡೋರ್ನ್ಸ್‌ನ ದ್ರಾಕ್ಷಿ ಕೂಲಿಗಳು ಎದ್ದು ಹೆದ್ದಾರಿ ತಡೆದರು. ದಿನಕ್ಕೆ 69 ರ‍್ಯಾಂಡ್ ಇದ್ದ ಕನಿಷ್ಠ ಕೂಲಿ 2013ರ ಮಾರ್ಚ್‌ನಿಂದ 105 ಆಯ್ತು. ಕೇಳಿದ್ದು 150. ಆ ಹೋರಾಟದಲ್ಲಿ ಜೀವಗಳೂ ಹೋದವು.

ಫೋಟೋ ಹಾಕಿದವರಿಗೆ ಕಾಮೆಂಟ್‌ನಲ್ಲಿ ಕೇಳಿದೆ, ಸಾರ್, ಆ ಗಂಟೆ ಏನು ಅಂತ. "ಡೆಕೊರೇಷನ್ ಇರ್ಬೇಕು" ಅಂದ್ರು.