ಗೋದಾಮಿನಲ್ಲಿ ಎತ್ತರದಿಂದ ಬೀಳುವ ಅಪಘಾತಗಳು: ಹೊಸ ಸಂಹಿತೆ ಮತ್ತು ನಮ್ಮ ಹೊಣೆ



2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹಣಾ ವ್ಯವಸ್ಥೆ ಕುಸಿದು, ಬಿಹಾರದ 7 ಕಾರ್ಮಿಕರು ಮೃತಪಟ್ಟರು. ಅದು ನಾಡಿಗೆಲ್ಲ ತಿಳಿಯಿತು. ಆದರೆ ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ಸಣ್ಣ ಗೋದಾಮಿನಲ್ಲಿ ಒಬ್ಬ ಹಮಾಲ ಚೀಲಗಳ ಅಟ್ಟಿಯಿಂದ (ನಮ್ಮ ಭಾಗದ ಮಾತಿನಲ್ಲಿ ಥಪ್ಪಿ) ಜಾರಿ ಬಿದ್ದು ಸೊಂಟ ಮುರಿದುಕೊಂಡರೆ, ಅದು ಯಾವ ದಾಖಲೆಗೂ ಸೇರದೆ ಹೋಗಬಹುದು.

ಇದಕ್ಕೆ ಕಾನೂನಿನಲ್ಲಿಯೇ ಕಾರಣವಿತ್ತು. ಎತ್ತರದಲ್ಲಿ ದುಡಿಯುವವರಿಗೆ ತಡೆಬೇಲಿಯಂತಹ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 32ನೇ ಕಲಮು ಹೇಳುತ್ತಿತ್ತು; ಆದರೆ ಧಾನ್ಯವನ್ನು ಕೇವಲ ಸಂಗ್ರಹಿಸುವ ಸಾಮಾನ್ಯ ಗೋದಾಮು ಕಾರ್ಖಾನೆಯೆನಿಸುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು 10 ಅಥವಾ ಹೆಚ್ಚು ಕಾರ್ಮಿಕರಿರುವ ವ್ಯಾಪಾರ ಸ್ಥಳಗಳನ್ನೂ ಒಳಗೊಳ್ಳುತ್ತದೆ. ಇದು ಸ್ವಾಗತಾರ್ಹ. ಆದರೂ ಆರೇಳು ಹಮಾಲರ ತಂಡದಿಂದ ನಡೆಯುವ ಗೋದಾಮು ಈಗಲೂ ಹೊರಗೇ ಉಳಿಯುತ್ತದೆ. ಅಲ್ಲಿ ಹೊಣೆ ಸಂಘದ ಆಡಳಿತ ಮಂಡಳಿಯದು, ವರ್ತಕರದು. ಸ್ವಂತ ಉಗ್ರಾಣವಿದ್ದರೆ ತಮ್ಮದೇ.

ತುಂಬಿದ ಚೀಲದ ದಪ್ಪ 20 ಸೆಂ.ಮೀ. ಎಂದು ಹಿಡಿದರೂ 15 ಸಾಲಿನ ಅಟ್ಟಿ 3 ಮೀಟರ್, ಅಂದರೆ ಸುಮಾರು 10 ಅಡಿ ಏರುತ್ತದೆ. 50 ಕೆ.ಜಿ. ಹೊತ್ತು ಚೀಲಗಳನ್ನೇ ಮೆಟ್ಟಿಲಾಗಿಸಿ ಹತ್ತುವವನಿಗೆ ಹಿಡಿಯಲು ಏನೂ ಇರುವುದಿಲ್ಲ. ಪ್ಲಾಸ್ಟಿಕ್ ಚೀಲಗಳು ಸೆಣಬಿನ ಚೀಲಗಳಿಗಿಂತ ಬೇಗ ಜಾರುತ್ತವೆ. ಲಾರಿ ತುಂಬುವ ಅವಸರದಲ್ಲಿ ಕೆಳಗಿನ ಚೀಲಗಳನ್ನು ಮೊದಲು ಎಳೆದರೆ ಅಟ್ಟಿ ಗೋಡೆಯಂತೆ ನಿಂತು ವಾಲುತ್ತದೆ. ಆದ್ದರಿಂದ ಚೀಲಗಳನ್ನು ಅಡ್ಡ-ಉದ್ದ ಹೆಣೆದು, ಮೇಲೇರಿದಂತೆ ಅಂಚನ್ನು ಒಳಸರಿಸಿ ಜೋಡಿಸಬೇಕು. ಇಳಿಸುವಾಗ ಮೇಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ತೆಗೆಯಬೇಕು. ಏರಲು ಬೇರೆಯೇ ಏಣಿಯಿರಲಿ, ಅದರ ಬುಡ ಜಾರದಂತೆ ಕಟ್ಟಿರಲಿ.

ಚಾವಣಿಯ ಅಪಾಯ ಇದಕ್ಕಿಂತ ಕೆಟ್ಟದ್ದು. ಮಳೆಗಾಲಕ್ಕೆ ಮುನ್ನ ಸೋರಿಕೆ ಮುಚ್ಚಲು ಹತ್ತಿದವರು ಹಳೆಯ ಸಿಮೆಂಟ್ ಶೀಟಿನ ಮೇಲೋ, ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟಿನ ಮೇಲೋ ಕಾಲಿಟ್ಟರೆ ಅದು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ತೊಲೆಗಳ ಮೇಲೆ ಅಡ್ಡಹಲಗೆ ಹಾಕದೆ, ಸೊಂಟಕ್ಕೆ ಸುರಕ್ಷತಾ ಹಗ್ಗ ಬಿಗಿದರೆ ಸಾಲದು. ಇಡೀ ಮೈಯನ್ನು ಹಿಡಿಯುವ ಪಟ್ಟಿಯೇ ಬೇಕು.

ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂ.ವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಪಡೆದು ಹೊಸ ಗೋದಾಮು ಕಟ್ಟುವ ಸಂಘಗಳು ಸ್ಥಿರ ಏಣಿ, ಕೈತಡೆ, ಬೆಳಕಿನ ಶೀಟಿನ ಕೆಳಗೆ ತಂತಿಜಾಲ ಇವನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಿಕೊಳ್ಳಬೇಕು. ವರ್ಷಕ್ಕೆ 20 ರೂ. ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ರೂ. ದೊರೆಯುತ್ತದೆ, ತಂಡದ ಎಲ್ಲ ಹಮಾಲರ ಕಂತನ್ನು ಸಂಘವೇ ಭರಿಸಿದರೂ ಅದು ಒಂದು ಚೀಲ ಮೆಕ್ಕೆಜೋಳದ ಬೆಲೆಯನ್ನು ಮೀರದು.