ನಿದ್ದೆಯ ರೋಗಕ್ಕೂ ಮದ್ದುಂಟು



ಭಾನುವಾರ ಪ್ರಸಂಗದ ಹೊತ್ತಿನಲ್ಲಿ ಹಿಂದಿನ ಬೆಂಚಿನವರು ಯಾರಾದರೂ ತೂಕಡಿಸಿದರೆ ಮಕ್ಕಳು ನಗುತ್ತಾರೆ, ಸಭೆಯ ಹಿರಿಯರು ಮುಖ ಗಂಟಿಕ್ಕುತ್ತಾರೆ. ಸೋಮವಾರ ಅದೇ ಮನುಷ್ಯನು ಮಸ್ಟರಿಗೆ ತಡವಾಗಿ ಬಂದರೆ ಮೇಸ್ತ್ರಿ ಅವನಿಗೆ ಸೋಮಾರಿ ಎಂದು ಹೆಸರಿಡುತ್ತಾನೆ. ತ್ರೋವದಲ್ಲಿ ಪೌಲನು ನಡುರಾತ್ರಿಯ ತನಕ ಮಾತಾಡುತ್ತಿದ್ದಾಗ, ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕನು ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದ ಸಂಗತಿ ನಿಮಗೆ ಗೊತ್ತಿದೆ. ಪೌಲನು ಅವನನ್ನು ಗದರಿಸಿದನೆಂದು ಅಲ್ಲಿ ಬರೆದಿಲ್ಲ. ಕೆಳಗಿಳಿದು ಹೋಗಿ ಅಪ್ಪಿಕೊಂಡನು. ಹಗಲು ತೂಕಡಿಸುವವನ ಮೇಲೆ ತೀರ್ಪು ಮಾಡುವ ಮೊದಲು ಅವನ ರಾತ್ರಿ ಹೇಗೆ ಕಳೆಯುತ್ತದೆಂದು ನಾವು ಕೇಳಬೇಕು.

ಲೈನು ಮನೆಗಳಲ್ಲಿ ಒಂದು ಗೋಡೆಗೆ ಎರಡು ಸಂಸಾರ. ಒಬ್ಬನ ಗೊರಕೆ ಆಚೆ ಮನೆಗೂ ಕೇಳುತ್ತದೆ, ಬೆಳಿಗ್ಗೆ ನೀರಿನ ನಲ್ಲಿಯ ಬಳಿ ಅದೇ ತಮಾಷೆ. ಆದರೆ ಎಲ್ಲಾ ಗೊರಕೆಯೂ ಒಂದೇ ಅಲ್ಲ. ಜೋರಾಗಿ ಏರುತ್ತಾ ಹೋಗಿ, ತಟ್ಟನೆ ನಿಂತು, ಸ್ವಲ್ಪ ಹೊತ್ತು ಉಸಿರೇ ಇಲ್ಲದಂತಾಗಿ, ಆಮೇಲೆ ಉಸಿರುಗಟ್ಟಿದವನು ಬಾಯಿ ಬಿಟ್ಟಂತೆ ಮತ್ತೆ ಶುರುವಾಗುವ ಗೊರಕೆಯುಂಟು. ಅದು ರೋಗದ ಗುರುತು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಕೆಲವರಿಗೆ ಅರ್ಧ ನಿಮಿಷಕ್ಕೂ ಹೆಚ್ಚು, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಅವನನ್ನು ಅರೆಬರೆ ಎಬ್ಬಿಸಿ ಉಸಿರಾಡಿಸುತ್ತದೆ. ಮಲಗಿದವನಿಗೆ ಇದರ ನೆನಪೂ ಇರುವುದಿಲ್ಲ. ಗಂಟೆಗೆ 5 ಸಲ ಹೀಗಾದರೆ ವೈದ್ಯರು ಅದನ್ನು ರೋಗದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 30 ಸಲಕ್ಕೆ ಏರಿದರೆ ತೀವ್ರವೆನ್ನುತ್ತಾರೆ. ಎಂಟು ತಾಸು ಚಾಪೆಯ ಮೇಲಿದ್ದರೂ ಅಂಥವನಿಗೆ ನಿದ್ದೆಯಾಗಿರುವುದಿಲ್ಲ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಸಿಡುಕು, ಹಗಲೆಲ್ಲಾ ತೂಕಡಿಕೆ. ವರ್ಷಗಟ್ಟಲೆ ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಮೆದುಳಿಗೂ ಅಪಾಯ. ದಪ್ಪಗಿರುವವರಲ್ಲಿ ಇದು ಹೆಚ್ಚು. ಆದರೂ ತೆಳ್ಳಗಿನವರಿಗೂ ಹೆಂಗಸರಿಗೂ ಬರುತ್ತದೆ. ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ, ಆ ಮಕ್ಕಳನ್ನು ಶಾಲೆಯಲ್ಲಿ ದಡ್ಡರೆನ್ನುತ್ತಾರೆ.

ಎಲೆ ಹೆಚ್ಚಾಗಿ ಬರುವ ತಿಂಗಳುಗಳಲ್ಲಿ ಟೀ ಕಾರ್ಖಾನೆ ರಾತ್ರಿಯಿಡೀ ನಡೆಯುತ್ತದೆ. ಎಲೆ ಅರೆಯುವ ಉರುಳೆಗಳ ಮುಂದೆ ಒಂದು ಕ್ಷಣ ಕಣ್ಣು ಮುಚ್ಚಿದರೆ ಏನಾಗುತ್ತದೆಂದು ನಿಮಗೆ ನಾವು ಬರೆದು ತಿಳಿಸಬೇಕಾಗಿಲ್ಲ. ಇಂಥ ರೋಗಿಯನ್ನು ಅಲ್ಲಿಂದ ಹಗಲು ಕೆಲಸಕ್ಕೆ ಬದಲಾಯಿಸಿರೆಂದು ದೊರೆಗಳ ಬಳಿ ಕೇಳುವುದು ಯೂನಿಯನ್ನಿನ ಕೆಲಸ.

ನಮ್ಮವರು ಇದಕ್ಕೆ ಮಾಡಿಕೊಳ್ಳುವ ಮದ್ದು ಎರಡು. ಒಂದು ಸಂಜೆಯ ಕುಡಿತ. ಅದರ ವಿಷಯದಲ್ಲಿ ಸಭೆಯ ಉಪದೇಶ ನಿಮಗೆ ತಿಳಿದೇ ಇದೆ, ಇಲ್ಲಿ ದೇಹದ ಲೆಕ್ಕವನ್ನಷ್ಟೇ ಹೇಳುತ್ತೇವೆ: ಮದ್ಯವು ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲ ಮಾಡುತ್ತದೆ, ಬೇಗ ಮಲಗಿಸಿದರೂ ನಡುರಾತ್ರಿಯ ನಂತರದ ನಿದ್ದೆಯನ್ನು ಕೆಡಿಸುತ್ತದೆ. ಇನ್ನೊಂದು, ಪೇಟೆಯ ಮದ್ದಿನಂಗಡಿಯಿಂದ ತರುವ ನಿದ್ದೆ ಗುಳಿಗೆ. ಉಸಿರು ನಿಲ್ಲುವವನಿಗೆ ಇದು ಅಪಾಯವನ್ನು ಹೆಚ್ಚಿಸಬಹುದು, ಉಳಿದವರಿಗೂ ಬಿಡಲಾರದ ಚಟವಾಗುತ್ತದೆ. ಅಲ್ಪ್ರಜೋಲಾಮಿನಂಥ ಗುಳಿಗೆಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು 2014ರ ಮಾರ್ಚಿನಿಂದ ನಿಯಮವಿದೆ. ಚೀಟಿ ಕೇಳದ ಅಂಗಡಿಯವನು ನಿಮಗೆ ಉಪಕಾರ ಮಾಡುತ್ತಿಲ್ಲ.

ಸರಿಯಾದ ಚಿಕಿತ್ಸೆ ಬೇರೆಯೇ ಇದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮೂಗು ಗಂಟಲಿನ ತೊಂದರೆ ಸರಿಪಡಿಸಿಕೊಳ್ಳುವುದರಿಂದ ಕೆಲವರಿಗೆ ಗುಣವಾಗುತ್ತದೆ. ತೀವ್ರವಾದವರಿಗೆ ಮೂಗಿನ ಮುಸುಕಿನ ಮೂಲಕ ಗಾಳಿ ಒತ್ತುವ ಯಂತ್ರ ಬೇಕು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಇದನ್ನು ಲೋಕಕ್ಕೆ ತಿಳಿಸಿದರು. ಬೆಲೆ ಹತ್ತಾರು ಸಾವಿರ ರೂಪಾಯಿ, ರಾತ್ರಿಯಿಡೀ ಕರೆಂಟೂ ಬೇಕು. ದಿನಗೂಲಿಯವನು ಒಬ್ಬನೇ ಹೊರುವ ಭಾರವಲ್ಲ ಇದು. ಗುಡಿಯ ಬಣ್ಣಕ್ಕೆ ಕಾಣಿಕೆ ಎತ್ತುವ ನಾವು ಇದಕ್ಕೂ ಎತ್ತಬಹುದು.

ಇನ್ನು ಎಲೆ ಕೊಯ್ಯುವ ನಮ್ಮ ತಾಯಂದಿರ ಕಾಲಿನ ಮಾತು. ಏರುತಗ್ಗಿನಲ್ಲಿ ದಿನವಿಡೀ ನಿಂತವರಿಗೆ ಕಾಲುನೋವು ಬರುವುದೇ. ಆ ನೋವು ಮಲಗಿದರೆ ಹಗುರಾಗುತ್ತದೆ. ಮಲಗಿದ ಮೇಲೆಯೇ ಶುರುವಾಗುವ ಇನ್ನೊಂದು ಕಾಟವುಂಟು. ಕಾಲೊಳಗೆ ಇರುವೆ ಹರಿದಂತೆ, ಯಾರೋ ಎಳೆದಂತೆ. ಎದ್ದು ನಡೆದರೆ ಸಮಾಧಾನ, ಮಲಗಿದರೆ ಮತ್ತೆ ಅದೇ. ಸ್ವೀಡನ್ನಿನ ಎಕ್ಬೊಮ್ ಎಂಬ ವೈದ್ಯರು 1945ರಲ್ಲಿ ಇದನ್ನು ವಿವರವಾಗಿ ಬರೆದರು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಬಸುರಿಯರಿಗೆ ಹೆಚ್ಚಾಗಿ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರೆ ತಪ್ಪದೆ ತೆಗೆದುಕೊಳ್ಳಿರಿ. ಗುಳಿಗೆಯ ಜೊತೆಗೂ ಊಟದ ಕೂಡಲೇ ಮೇಲೂ ಟೀ ಕುಡಿಯಬೇಡಿರಿ, ಯಾಕಂದರೆ ಟೀ ಆ ಕಬ್ಬಿಣವನ್ನು ಮೈಗೆ ಹತ್ತಗೊಡದು. ಟೀ ಬೆಳೆಯುವವರಿಗೆ ನಾವೇ ಹೀಗೆ ಹೇಳಬೇಕಾಗಿದೆ, ಕ್ಷಮಿಸಿರಿ.

ಎಚ್ಚರವಾದರೂ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕುಳಿತಂತಾಗುವುದನ್ನು ದೆವ್ವ ಅಮುಕಿತೆನ್ನುತ್ತಾರೆ. ಕನಸಿನ ಹೊತ್ತಿನಲ್ಲಿ ದೇಹ ಕಟ್ಟಿಹಾಕಿದಂತಿರುವುದು ಸಹಜ. ಮನಸ್ಸು ಮೊದಲು ಎಚ್ಚೆತ್ತರೆ ಹೀಗಾಗುತ್ತದೆ, ತುಸು ಹೊತ್ತಿನಲ್ಲಿ ಬಿಡುತ್ತದೆ. ಪ್ರಾರ್ಥಿಸಿರಿ, ಮಂತ್ರವಾದಿಗೆ ದುಡ್ಡು ಸುರಿಯಬೇಡಿರಿ.

ಭಯದಿಂದ ಹೋದ ನಿದ್ದೆಯ ಸಂಗತಿ ಬೇರೆ. 2024ರ ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಬೆಟ್ಟ ಕುಸಿದು ನೂರಾರು ಜನ ಸತ್ತರು. ತೋಟದ ಲೈನುಗಳಲ್ಲಿ ಮಲಗಿದ್ದವರೂ ಅವರಲ್ಲಿದ್ದರು. ಅಂಥದ್ದನ್ನು ಕಂಡುಳಿದವರು ಮಳೆಯ ಸದ್ದಿಗೇ ಎದ್ದು ಕೂತರೆ ಆಶ್ಚರ್ಯವಿಲ್ಲ. ಅವರಿಗೆ ವಿಶ್ವಾಸ ಸಾಲದೆಂದು ಯಾರೂ ಹೇಳಕೂಡದು. ಜೀವಭಯದಿಂದ ಓಡಿ ಬಂದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆಯಿಲ್ಲದಿದ್ದರೆ ಅದಕ್ಕೆ ಗುಳಿಗೆಗಿಂತ ಮೊದಲು ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೂ ಮಾತಾಡಬಹುದು.

ಮೊದಲು ತೋಟದ ಆಸ್ಪತ್ರೆಗೆ ಹೋಗಿರಿ. ತೋಟದಲ್ಲಿ ವೈದ್ಯ ಸೌಕರ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತ್ತು. ದಯೆ ಬೇಡಿದಂತೆ ನಿಲ್ಲಬೇಕಾಗಿಲ್ಲ. ಅಲ್ಲಿಂದ ಚೀಟಿ ಬರೆಸಿಕೊಂಡು ಮೆಡಿಕಲ್ ಕಾಲೇಜಿನ ಎದೆರೋಗ ಇಲ್ಲವೆ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಬಹುದು. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ರಾತ್ರಿ ಮಲಗಿಸಿ, ತಲೆಗೂ ಎದೆಗೂ ತಂತಿ ಅಂಟಿಸಿ ನಿದ್ದೆಯನ್ನು ಅಳೆಯುತ್ತಾರೆ. ಅದರಲ್ಲಿ ನೋವಿಲ್ಲ. ರೋಗಿ ಒಬ್ಬನೇ ಹೋಗುವುದು ಬೇಡ. ತನ್ನ ಗೊರಕೆ ಅವನಿಗೆ ತಿಳಿಯದು. ಹೆಂಡತಿಯೋ ಮಗನೋ ಜೊತೆಗಿರಲಿ, ಉಸಿರು ನಿಲ್ಲುವ ಹೊತ್ತಿನ ಸದ್ದನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಡಾಕ್ಟರಿಗೆ ಕೇಳಿಸಲಿ.